ಮಳೆ ಪುಸ್ತಕ, ಆಸ್ಪತ್ರೆ ಚೀಟಿ, ಕೃತಕ ಬುದ್ಧಿಮತ್ತೆಯ ಮದ್ದು

ಕೊಡಗಿನಲ್ಲಿ ಮಳೆ ಸುರಿದ ಮರುದಿನ ಬೆಳಿಗ್ಗೆ ಯಾರಾದರೂ ಫೋನ್ ಮಾಡಿದರೆ ಯೋಗಕ್ಷೇಮಕ್ಕಿಂತ ಮೊದಲು ಬರುವ ಪ್ರಶ್ನೆ, "ನಿಮ್ಮಲ್ಲಿ ಎಷ್ಟಾಯಿತು?" ಉತ್ತರ ಇಂಚು ಮತ್ತು ಸೆಂಟ್‌ಗಳಲ್ಲಿ ಇರಬೇಕು; ಇಂಚಿನ ನೂರನೇ ಒಂದು ಭಾಗವೇ ಸೆಂಟ್. ಮಿಲಿಮೀಟರಿನಲ್ಲಿ ಹೇಳಿದವರು ಹೊರಗಿನಿಂದ ಬಂದವರೆಂದು ತಿಳಿಯುತ್ತದೆ. ಅಮ್ಮತ್ತಿ ಕಡೆಯ ನಮ್ಮ ಕಾಫಿ ತೋಟದಲ್ಲೂ ಅಜ್ಜನ ಕಾಲದಿಂದ ಒಂದು ಮಳೆ ಪುಸ್ತಕವಿದೆ. ದಿನಕ್ಕೊಂದು ಸಾಲು. ಅಲ್ಲಲ್ಲಿ ಅಂಚಿನಲ್ಲಿ "ಹೂ ಮಳೆ ತಡ", "ರಾತ್ರಿ ಆನೆ" ಎಂಬ ಟಿಪ್ಪಣಿಗಳೂ ಇವೆ. ಅಜ್ಜ ಇದನ್ನು ಯಾವ ವಿಜ್ಞಾನಿಗಾಗಿಯೂ ಬರೆದಿಡಲಿಲ್ಲ. ಗೊಬ್ಬರ ಯಾವಾಗ ಹಾಕಬೇಕು, ಸ್ಪ್ರಿಂಕ್ಲರ್ ಯಾವಾಗ ಎಳೆಯಬೇಕು ಎಂದು ತಿಳಿಯುವುದಷ್ಟೇ ಅವರಿಗೆ ಬೇಕಾಗಿತ್ತು. ಆದರೆ ಈ ಬೆಟ್ಟಗಳ ಮಳೆ ಹೇಗೆ ಬದಲಾಯಿತೆಂದು ಇಂದು ಹುಡುಕುವವರಿಗೆ ಅದೇ ಪುಸ್ತಕ ಚಿನ್ನ.

ಅದೇ ತೋಟದಲ್ಲಿ ಒಂದು ವರ್ಷ ಕಾಫಿ ಕೊಯ್ಲಿನ ಸಮಯದಲ್ಲಿ, ಗಿಡದ ಬುಡದಲ್ಲಿ ಉದುರಿದ ಹಣ್ಣು ಹೆಕ್ಕುತ್ತಿದ್ದ ಕಾರ್ಮಿಕನೊಬ್ಬನ ಕೈಗೆ ಹಾವು ಕಚ್ಚಿತು. ಜೀಪಿನಲ್ಲಿ ಕರೆದೊಯ್ದೆವು. ವಿಷನಿರೋಧಕ ಕೊಟ್ಟರು. ಊತ ಇಳಿಯಲಿಲ್ಲ, ಮತ್ತೆ ಕೊಟ್ಟರು, ಕೊನೆಗೆ ಮೈಸೂರಿಗೆ ಕಳುಹಿಸಿದರು. ಅವನು ಬದುಕಿ ಬಂದ. ಬಿಡುಗಡೆಯ ಚೀಟಿಯಲ್ಲಿ ಕಾಯಿಲೆಯ ಹೆಸರಿನ ಮುಂದೆ ಇದ್ದದ್ದು ಎರಡೇ ಪದ: "ಹಾವು ಕಡಿತ". ಯಾವ ಹಾವು, ಎಷ್ಟು ಹೊತ್ತಿಗೆ, ಎಷ್ಟು ಬಾಟಲಿ ಮದ್ದಿಗೆ ಏನಾಯಿತು, ಒಂದೂ ಇಲ್ಲ. ಮೇಸ್ತ್ರಿಯ ಮೊಬೈಲಿನಲ್ಲಿ ಆ ಹಾವಿನ ಮಸುಕಾದ ಚಿತ್ರವಿತ್ತು. ಅದನ್ನು ಯಾರೂ ಕೇಳಲಿಲ್ಲ. ಮಳೆಗೆ ಸೆಂಟ್ ಲೆಕ್ಕ ಇಡುವ ಜಿಲ್ಲೆಯಲ್ಲಿ ವಿಷಕ್ಕೆ ಎರಡು ಪದ.

ಕೃತಕ ಬುದ್ಧಿಮತ್ತೆ ಹೊಸ ಔಷಧಗಳನ್ನು ಕಂಡುಹಿಡಿಯುತ್ತಿದೆ ಎಂಬ ಸುದ್ದಿ ಓದಿದಾಗಲೆಲ್ಲ ನನಗೆ ಆ ಚೀಟಿ ನೆನಪಾಗುತ್ತದೆ. ಕಂಪ್ಯೂಟರಿನಲ್ಲಿ ಹುಟ್ಟುವ ಅಣುವಿಗೂ ಆ ಎರಡು ಪದಗಳಿಗೂ ನೇರ ಸಂಬಂಧವಿದೆ.

ಮೊದಲು, ಔಷಧ ಹುಟ್ಟುವ ಹಾದಿ. ದೇಹದಲ್ಲಿ ಕಾಯಿಲೆಗೆ ಕಾರಣವಾದ ಯಾವುದೋ ಪ್ರೋಟೀನನ್ನು ಗುರಿಯಾಗಿ ಆರಿಸಬೇಕು. ಅದಕ್ಕೆ ಅಂಟಿಕೊಂಡು ಅದರ ಕೆಲಸ ತಡೆಯುವ ಅಣುವನ್ನು ಹುಡುಕಬೇಕು. ಜೀವಕೋಶ, ಪ್ರಾಣಿಗಳಲ್ಲಿ ಪರೀಕ್ಷಿಸಬೇಕು. ಆಮೇಲೆ ಮನುಷ್ಯರ ಮೇಲೆ ಮೂರು ಹಂತಗಳ ಪ್ರಯೋಗ: ಮೊದಲು ಕೆಲವು ಹತ್ತು ಜನ, ಬಳಿಕ ಕೆಲವು ನೂರು, ಕೊನೆಗೆ ಸಾವಿರಾರು. ಒಟ್ಟು 10ರಿಂದ 15 ವರ್ಷ. ಮನುಷ್ಯರ ಪ್ರಯೋಗದ ಹೊಸ್ತಿಲು ದಾಟಿದ ಹತ್ತು ಮದ್ದುಗಳಲ್ಲಿ ಸುಮಾರು ಒಂಬತ್ತು ಅಲ್ಲಿಯೇ ಬಿದ್ದುಹೋಗುತ್ತವೆ. ಇಲಿಯಲ್ಲಿ ಕೆಲಸ ಮಾಡಿದ್ದು ಮನುಷ್ಯರಲ್ಲಿ ಮಾಡುವುದಿಲ್ಲ, ಅಥವಾ ಮಾಡಿದರೂ ಬೇರೆ ಅಂಗವನ್ನು ಕೆಡಿಸುತ್ತದೆ.

ಈ ಹಾದಿಯ ಮೊದಲ ಭಾಗದಲ್ಲಿ ಯಂತ್ರ ನಿಜಕ್ಕೂ ಅದ್ಭುತ ಮಾಡಿದೆ, ಅದರಲ್ಲಿ ಅನುಮಾನವಿಲ್ಲ. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಉದ್ದ ಸರ. ಅದು ತನ್ನಷ್ಟಕ್ಕೆ ಮಡಚಿಕೊಂಡು ಒಂದು ಆಕಾರ ತಾಳುತ್ತದೆ, ಆ ಆಕಾರದಿಂದಲೇ ಅದರ ಕೆಲಸ ನಿರ್ಧಾರವಾಗುತ್ತದೆ. ಸರವನ್ನು ನೋಡಿ ಆಕಾರ ಹೇಳುವುದು 50 ವರ್ಷಗಳಿಂದ ಬಿಡಿಸಲಾಗದ ಒಗಟಾಗಿತ್ತು. 2020ರಲ್ಲಿ ಡೀಪ್‌ಮೈಂಡ್ ಸಂಸ್ಥೆಯ ಆಲ್ಫಾಫೋಲ್ಡ್ ಅದನ್ನು ಬಹುಮಟ್ಟಿಗೆ ಬಿಡಿಸಿತು. 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಅಂದಾಜು ಆಕಾರ ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ಇದಕ್ಕಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ 2024ರ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಅವರೊಂದಿಗೆ ಬಹುಮಾನ ಹಂಚಿಕೊಂಡ ಡೇವಿಡ್ ಬೇಕರ್ ಅವರದು ಇದರ ತಿರುಗುಮುರುಗು ಕೆಲಸ: ಬೇಕಾದ ಆಕಾರವನ್ನು ಮೊದಲು ಕಲ್ಪಿಸಿ, ಪ್ರಕೃತಿಯಲ್ಲಿ ಇಲ್ಲದ ಪ್ರೋಟೀನನ್ನು ಹೊಸದಾಗಿ ಕಟ್ಟುವುದು.

ಅದು ಹೇಗೆ ಎಂದು ತಿಳಿಯಲು ನಮ್ಮ ಮಂಜೇ ಸಾಕು. ಒಂದು ಬೆಟ್ಟದ ಚಿತ್ರ ತೆಗೆದುಕೊಂಡು ಅದರ ಮೇಲೆ ಸ್ವಲ್ಪ ಸ್ವಲ್ಪವೇ ಮಂಜು ಕವಿಸುತ್ತಾ ಹೋಗಿ, ಕೊನೆಗೆ ಬೆಳ್ಳನೆಯ ತೆರೆಯ ಹೊರತು ಏನೂ ಉಳಿಯುವುದಿಲ್ಲ. ಪ್ರತಿ ಹಂತದಲ್ಲೂ ಯಂತ್ರಕ್ಕೆ "ಈಗಷ್ಟೇ ಕವಿದ ಮಂಜನ್ನು ತೆಗೆ" ಎಂದು ಕಲಿಸಿ. ಸಾವಿರಾರು ಪ್ರೋಟೀನುಗಳ ಆಕಾರಗಳ ಮೇಲೆ ಇದನ್ನೇ ಮಾಡಿಸಿದ ಬಳಿಕ, ಬರಿಯ ಮಂಜನ್ನೇ ಕೊಟ್ಟು "ಈ ವಿಷದ ಅಣುವಿನ ಪಕ್ಕದಲ್ಲಿ ಸರಿಯಾಗಿ ಕೂರುವಂಥದ್ದು ಇದರೊಳಗೆ ಏನಿದೆ, ತೋರಿಸು" ಎಂದರೆ, ಯಂತ್ರ ಹಂತ ಹಂತವಾಗಿ ಮಂಜು ಸರಿಸಿ ಇದುವರೆಗೆ ಯಾರೂ ನೋಡದ ಒಂದು ಆಕಾರವನ್ನು ಹೊರತೆಗೆಯುತ್ತದೆ. ಇನ್ನೊಂದು ತಂತ್ರಾಂಶ ಆ ಆಕಾರಕ್ಕೆ ತಕ್ಕ ಅಮೈನೋ ಆಮ್ಲಗಳ ಸರವನ್ನು ಬರೆದುಕೊಡುತ್ತದೆ. ಉಳಿದದ್ದು ಪ್ರಯೋಗಾಲಯದ ಕೆಲಸ.

2025ರ ಜನವರಿಯಲ್ಲಿ ಬೇಕರ್ ಅವರ ಪ್ರಯೋಗಾಲಯ ಮತ್ತು ಡೆನ್ಮಾರ್ಕಿನ ವಿಜ್ಞಾನಿಗಳು ಇದೇ ಉಪಾಯದಿಂದ ಹಾವಿನ ವಿಷಕ್ಕೆ ಮದ್ದು ಕಟ್ಟಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಗುರಿ, ನಾಗರಹಾವಿನ ಕುಲದವುಗಳ ವಿಷದಲ್ಲಿರುವ, ಮೂರು ಬೆರಳು ಚಾಚಿದಂತೆ ಕಾಣುವ ಪ್ರೋಟೀನುಗಳು. ನರ ಮತ್ತು ಸ್ನಾಯುಗಳ ನಡುವಿನ ಸಂಕೇತವನ್ನು ತಡೆದು ಉಸಿರಾಟ ನಿಲ್ಲಿಸುವ ಗುಂಪು ಅದರಲ್ಲಿದೆ. ಮಾರಕ ಪ್ರಮಾಣದ ವಿಷ ಕೊಟ್ಟ ಇಲಿಗಳಲ್ಲಿ, ವಿಷ ಮತ್ತು ಮದ್ದಿನ ಪ್ರಮಾಣಕ್ಕೆ ತಕ್ಕಂತೆ, ಶೇ 80ರಿಂದ 100ರಷ್ಟು ಬದುಕುಳಿದವು.

ಇಷ್ಟು ಓದಿ ನಮ್ಮ ತೋಟದವರಿಗೆ ಒಳ್ಳೆಯ ದಿನ ಬಂತೆಂದುಕೊಂಡರೆ ತಪ್ಪು. ಇದು ನಾಗರ ಮತ್ತು ಅದರ ಬಂಧುಗಳ ಒಂದು ಬಗೆಯ ವಿಷಕ್ಕೆ ಮಾತ್ರ. ಕೊಳಕುಮಂಡಲದ ವಿಷ ಬೇರೆಯೇ ಕಷಾಯ. ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸುವ, ಮಾಂಸ ಕೊಳೆಸುವ ಕಿಣ್ವಗಳು ಅದರಲ್ಲಿ ತುಂಬಿವೆ. ಮೇಲಾಗಿ, ಇಲಿ ಬದುಕಿದ್ದು ಮೊದಲ ಮೈಲಿಗಲ್ಲು ಅಷ್ಟೇ.

ಯಂತ್ರ ಹುಡುಕಿದ ಮದ್ದು ಮನುಷ್ಯರವರೆಗೆ ಬಂದ ಉದಾಹರಣೆಗಳೂ ಇವೆ. ಯಂತ್ರ ವಿನ್ಯಾಸಗೊಳಿಸಿದ ಮೊದಲ ಔಷಧವೆಂಬ ಸದ್ದಿನೊಂದಿಗೆ 2020ರಲ್ಲಿ ಮಾನವ ಪ್ರಯೋಗಕ್ಕೆ ಇಳಿದ ಡಿಎಸ್‌ಪಿ-1181 ಎಂಬ ಅಣುವನ್ನು, ಗೀಳಿನ ಕಾಯಿಲೆಗೆಂದು ತಂದದ್ದು, ಕೆಲವೇ ಕಾಲದಲ್ಲಿ ಕೈಬಿಟ್ಟರು. ಕೈಬಿಟ್ಟದ್ದರ ಸದ್ದು ಮಾತ್ರ ಕೇಳಿಸಲಿಲ್ಲ. ಇನ್ನೊಂದು ರೆಂಟೊಸರ್ಟಿಬ್, ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆಗೆ. ಇಲ್ಲಿ ಗುರಿಯನ್ನು ಆರಿಸಿದ್ದಕ್ಕೂ ಅಣುವನ್ನು ರೂಪಿಸಿದ್ದಕ್ಕೂ ಕೃತಕ ಬುದ್ಧಿಮತ್ತೆಯ ನೆರವಿತ್ತು. ಚೀನಾದಲ್ಲಿ 71 ರೋಗಿಗಳ ಮೇಲೆ 12 ವಾರ ನಡೆದ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು: ಹೆಚ್ಚಿನ ಪ್ರಮಾಣ ಪಡೆದವರ ಉಸಿರಿನ ಸಾಮರ್ಥ್ಯ ಸರಾಸರಿ 98.4 ಮಿಲಿಲೀಟರ್ ಏರಿತು, ಹುಸಿ ಮಾತ್ರೆ ಪಡೆದವರದು 20.3 ಮಿಲಿಲೀಟರ್ ಇಳಿಯಿತು. ಭರವಸೆಯ ಸುದ್ದಿಯೇ. ಆದರೆ 71 ಜನ ಎಂದರೆ ಒಂದು ಬಸ್ಸಿಗಿಂತ ಸ್ವಲ್ಪ ಹೆಚ್ಚು.

ಅಂದರೆ ಯಂತ್ರ ಹಾದಿಯ ತಲೆಯನ್ನು ಚಿಕ್ಕದು ಮಾಡಿದೆ, ಬಾಲ ಹಾಗೆಯೇ ಉದ್ದವಿದೆ. ಹಣ, ಕಾಲ, ಜನ ಹೆಚ್ಚು ಖರ್ಚಾಗುವುದು ಬಾಲದಲ್ಲಿ. ಅದನ್ನು ಚಿಕ್ಕದು ಮಾಡಲು ಹೊರಟವರು ಈಗ ಕೈಚಾಚಿರುವುದು ನಮ್ಮ ನಿಮ್ಮ ಆಸ್ಪತ್ರೆ ಚೀಟಿಗಳಿಗೆ.

ಪ್ಲಾಟ್ ಬೇರೆ, ತೋಟ ಬೇರೆ

ಕಾಫಿ ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭ. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವಿದೆ. ಅಂಥ ಕೇಂದ್ರದ ಪ್ಲಾಟಿನಲ್ಲಿ ಒಂದು ಗೊಬ್ಬರವನ್ನು ಪರೀಕ್ಷಿಸುವಾಗ ಒಂದೇ ವಯಸ್ಸಿನ ಗಿಡ, ಒಂದೇ ನೆರಳು, ಒಂದೇ ಮಣ್ಣು ಇರುವಂತೆ ನೋಡಿಕೊಂಡು, ಯಾವ ಸಾಲಿಗೆ ಗೊಬ್ಬರ, ಯಾವುದಕ್ಕಿಲ್ಲ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಔಷಧದ ಪ್ರಯೋಗವೂ ಹಾಗೆಯೇ. ಆದರೆ ನಮ್ಮ ತೋಟದಲ್ಲಿ ಇಳಿಜಾರಿದೆ, ಮರದ ಮೇಲೆ ಮೆಣಸಿನ ಬಳ್ಳಿಯಿದೆ, ಕೆಲಸಕ್ಕೆ ಜನ ಸಿಗದೆ ಗೊಬ್ಬರ ತಡವಾಗುತ್ತದೆ, ಆನೆ ಬರುತ್ತದೆ. ಪ್ಲಾಟಿನ ಫಲಿತಾಂಶ ತೋಟದಲ್ಲಿ ಬಂದೀತೇ? ಗರ್ಭಿಣಿಯರು, ತೀರಾ ವಯಸ್ಸಾದವರು, ಮೂತ್ರಪಿಂಡದ ತೊಂದರೆ ಇರುವವರು ಹೆಚ್ಚಿನ ಔಷಧ ಪ್ರಯೋಗಗಳ ಬಾಗಿಲಲ್ಲೇ ಹೊರಗುಳಿಯುತ್ತಾರೆ. ಮಾರುಕಟ್ಟೆಗೆ ಬಂದ ಮೇಲೆ ಮಾತ್ರೆ ನುಂಗುವವರು ಅವರೇ.

ಆಸ್ಪತ್ರೆಯ ದಾಖಲೆ, ರಕ್ತಪರೀಕ್ಷೆಯ ವರದಿ, ಔಷಧ ಅಂಗಡಿಯ ಬಿಲ್ಲು, ವಿಮೆಯ ಅರ್ಜಿ ಇವೆಲ್ಲ ತೋಟದ ದತ್ತಾಂಶ. ಯಾವ ಪ್ರಯೋಗಕ್ಕೂ ಅಲ್ಲದೆ ಚಿಕಿತ್ಸೆಯ ಹೊತ್ತಿಗೆ ತಾನಾಗಿ ಹುಟ್ಟಿದ್ದು, ನಮ್ಮ ಅಜ್ಜನ ಮಳೆ ಪುಸ್ತಕದಂತೆ. ಇಂಥ ದಾಖಲೆಗಳನ್ನೂ ಔಷಧದ ಅನುಮೋದನೆಗೆ ಪರಿಗಣಿಸುವ ಚೌಕಟ್ಟು ರೂಪಿಸಬೇಕೆಂದು ಅಮೆರಿಕದಲ್ಲಿ 2016ರಲ್ಲಿ ಕಾನೂನೇ ಬಂತು. 2019ರಲ್ಲಿ ಅದರ ಒಂದು ಫಲ ಕಾಣಿಸಿತು. ಸ್ತನ ಕ್ಯಾನ್ಸರ್ ಗಂಡಸರಿಗೂ ಬರುತ್ತದೆ, ಆದರೆ ಆ ಕಾಯಿಲೆಯ ನೂರು ರೋಗಿಗಳಲ್ಲಿ ಗಂಡಸು ಸುಮಾರು ಒಬ್ಬ. ಅವರಿಗಾಗಿಯೇ ದೊಡ್ಡ ಪ್ರಯೋಗ ನಡೆಸುವಷ್ಟು ರೋಗಿಗಳು ಸಿಗುವುದಿಲ್ಲ. ಹೆಂಗಸರಿಗೆ ಅನುಮೋದನೆಯಾಗಿದ್ದ ಪಾಲ್ಬೊಸಿಕ್ಲಿಬ್ ಮಾತ್ರೆಯನ್ನು ವೈದ್ಯರು ಗಂಡಸರಿಗೂ ಕೊಟ್ಟಿದ್ದ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿ, ಆ ಬಳಕೆಗೂ ಒಪ್ಪಿಗೆ ಕೊಟ್ಟರು.

ಈ ದಾಖಲೆಗಳನ್ನು ಓದುವುದು ಮನುಷ್ಯರಿಂದ ಆಗದ ಕೆಲಸ. ವೈದ್ಯರು ಗೀಚಿದ ಲಕ್ಷಾಂತರ ಟಿಪ್ಪಣಿಗಳಿಂದ "ಊತ ಇಳಿದಿದೆ", "ಎರಡನೇ ದಿನ ಮೂತ್ರ ಕಡಿಮೆ" ಎಂಬಂಥ ಮಾತುಗಳನ್ನು ಹೆಕ್ಕಿ ಕೋಷ್ಟಕಕ್ಕೆ ತರಲು ಭಾಷಾ ಮಾದರಿಗಳು, ಅಂದರೆ ಬರಹ ಓದಲು ಕಲಿತ ತಂತ್ರಾಂಶಗಳು, ಬೇಕು. ಯಾವ ಊರಿನಲ್ಲಿ ಯಾವ ರೋಗಿಗಳು ಸಿಗುತ್ತಾರೆ, ಪ್ರಯೋಗವನ್ನು ಎಲ್ಲಿ ನಡೆಸಬೇಕು ಎಂದು ಹೇಳುವುದಕ್ಕೂ ಅವೇ.

ಇಲ್ಲಿಯವರೆಗೆ ಎಲ್ಲ ಸರಿ. ತೋಟದ ದತ್ತಾಂಶದ ತೊಡಕು ಇನ್ನು ಶುರುವಾಗುತ್ತದೆ.

ಕೊಡವರ ಪಂಚಾಂಗದ ಕಕ್ಕಡ ತಿಂಗಳ 18ನೇ ದಿನ ಕೊಡಗಿನ ಮನೆಗಳಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಅಂದು ಆ ಗಿಡದಲ್ಲಿ 18 ಬಗೆಯ ಔಷಧ ಸೇರಿರುತ್ತದೆಂಬ ನಂಬಿಕೆ. ನೇರಳೆ ಬಣ್ಣದ ಆ ಪಾಯಸ ನನಗೂ ಇಷ್ಟ, ಅದನ್ನು ದೂರುತ್ತಿಲ್ಲ. ಈಗ ಯಾರಾದರೂ ಜಿಲ್ಲೆಯ ದಾಖಲೆಗಳನ್ನೆಲ್ಲ ಯಂತ್ರಕ್ಕೆ ಕೊಟ್ಟು, ಈ ಸೊಪ್ಪು ತಿಂದವರು ತಿನ್ನದವರಿಗಿಂತ ಆರೋಗ್ಯವಾಗಿದ್ದಾರೆಯೇ ಎಂದು ಕೇಳಿದರು ಎಂದುಕೊಳ್ಳಿ. ಹೌದು ಎಂದೇ ಉತ್ತರ ಬಂದರೆ ಅಚ್ಚರಿಯಿಲ್ಲ. ತಿನ್ನುವವರಲ್ಲಿ ಸ್ವಂತ ಮನೆ, ಗದ್ದೆ, ತೋಟ ಇರುವ ಕುಟುಂಬಗಳು ಹೆಚ್ಚು. ತಿನ್ನದವರಲ್ಲಿ ಹೊರ ರಾಜ್ಯದಿಂದ ಬಂದು ತೋಟದ ಕಾರ್ಮಿಕರ ಲೈನ್ ಮನೆಯಲ್ಲಿರುವವರು ಹೆಚ್ಚು. ಯಂತ್ರ ಅಳೆದದ್ದು ಸೊಪ್ಪನ್ನೋ ಆಸ್ತಿಯನ್ನೋ?

ಇದು ಬರಿಯ ಊಹೆಯ ಮಾತಲ್ಲ. ಮುಟ್ಟು ನಿಂತ ಹೆಂಗಸರಿಗೆ ಹಾರ್ಮೋನ್ ಮಾತ್ರೆ ಕೊಟ್ಟರೆ ಹೃದಯಾಘಾತ ಕಡಿಮೆಯಾಗುತ್ತದೆಂದು ಅಮೆರಿಕದ ದೊಡ್ಡ ದೊಡ್ಡ ಸಮೀಕ್ಷೆಗಳು ವರ್ಷಗಟ್ಟಲೆ ಹೇಳಿದವು. 16,608 ಹೆಂಗಸರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದ ಪ್ರಯೋಗವನ್ನು 2002ರಲ್ಲಿ ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಮಾತ್ರೆ ನುಂಗಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಸ್ತನ ಕ್ಯಾನ್ಸರ್ ಹೆಚ್ಚಾಗಿದ್ದವು. ಹಿಂದಿನ ಸಮೀಕ್ಷೆಗಳಲ್ಲಿ ಮಾತ್ರೆ ತೆಗೆದುಕೊಂಡವರು ಮೊದಲೇ ಅನುಕೂಲಸ್ಥರು, ಆರೋಗ್ಯದ ಬಗ್ಗೆ ಎಚ್ಚರವಿದ್ದವರು ಎಂಬುದು ಒಂದು ಮುಖ್ಯ ಕಾರಣ. ಯಂತ್ರ ಎಷ್ಟೇ ಚುರುಕಾಗಿರಲಿ, ದಾಖಲೆಯಲ್ಲಿ ಬರೆಯದ ಕಾರಣವನ್ನು ಅದು ಕಾಣಲಾರದು. ದಾಖಲೆ ಹೆಚ್ಚಾದಷ್ಟೂ ತಪ್ಪು ಇನ್ನಷ್ಟು ಆತ್ಮವಿಶ್ವಾಸದಿಂದ ಬರುತ್ತದೆ, ಅದೇ ಕಷ್ಟ.

ದಾಖಲೆಯೇ ಸುಳ್ಳಾದರೆ? 2020ರ ಮೇ ತಿಂಗಳಲ್ಲಿ ಲ್ಯಾನ್ಸೆಟ್ ಪತ್ರಿಕೆ, 671 ಆಸ್ಪತ್ರೆಗಳ 96,032 ಕೋವಿಡ್ ರೋಗಿಗಳ ದಾಖಲೆ ನೋಡಿದ್ದಾಗಿ ಹೇಳುವ ಲೇಖನವನ್ನು ಪ್ರಕಟಿಸಿತು: ಮಲೇರಿಯಾದ ಮದ್ದಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟವರಲ್ಲಿ ಸಾವು ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದಲ್ಲಿ ಆ ಮದ್ದಿನ ಭಾಗವನ್ನು ತಡೆಹಿಡಿಯಿತು. ಲೇಖನದಲ್ಲಿದ್ದ ಆಸ್ಟ್ರೇಲಿಯಾದ ಸಾವುಗಳು ಆ ದೇಶದ ಅಧಿಕೃತ ಲೆಕ್ಕಕ್ಕಿಂತ ಜಾಸ್ತಿ ಇರುವುದನ್ನು ಓದುಗರು ಗಮನಿಸಿದರು. ಮೂಲ ದಾಖಲೆ ತೋರಿಸಿ ಎಂದಾಗ ದತ್ತಾಂಶ ಒದಗಿಸಿದ್ದ ಸರ್ಜಿಸ್ಫಿಯರ್ ಕಂಪನಿ ತೋರಿಸಲಿಲ್ಲ. ಎರಡು ವಾರದೊಳಗೆ ಲೇಖನವನ್ನು ಹಿಂತೆಗೆದುಕೊಂಡರು. ಅದೇ ಹೊತ್ತಿಗೆ ಬ್ರಿಟನ್ನಿನ ರಿಕವರಿ ಪ್ರಯೋಗ ಸಾಮಾನ್ಯ ವಾರ್ಡುಗಳಲ್ಲೇ, ಚಿಕ್ಕ ಅರ್ಜಿಗಳನ್ನು ತುಂಬಿಸಿಕೊಂಡು, ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚಿ, ಉಳಿದ ವಿವರವನ್ನು ಸರ್ಕಾರಿ ದಾಖಲೆಗಳಿಂದ ಪಡೆದು, ಆ ಮದ್ದಿನಿಂದ ಪ್ರಯೋಜನವಿಲ್ಲವೆಂದು ತೋರಿಸಿತು. ಹಳೆಯ, ಅಗ್ಗದ ಡೆಕ್ಸಾಮೆಥಾಸೋನ್ ವೆಂಟಿಲೇಟರಿನಲ್ಲಿದ್ದವರ ಸಾವನ್ನು ಮೂರರಲ್ಲಿ ಒಂದರಷ್ಟು ತಗ್ಗಿಸುತ್ತದೆಂದೂ ತೋರಿಸಿತು. ನನ್ನನ್ನು ಕೇಳಿದರೆ ಮುಂದಿನ ದಾರಿ ಇದೇ: ತೋಟದ ಒಳಗೇ ಪ್ಲಾಟ್.

ಎಲೆರಾಶಿಯಲ್ಲಿ ಮಲಗಿದ್ದು

ಮತ್ತೆ ನಮ್ಮ ಹಾವಿಗೆ ಬರುತ್ತೇನೆ. ಭಾರತದಲ್ಲಿ ಸಿಗುವ ವಿಷನಿರೋಧಕ ನಾಲ್ಕು ಹಾವುಗಳಿಗೆಂದು ತಯಾರಾದದ್ದು: ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ. ಅದಕ್ಕೆ ಬೇಕಾದ ವಿಷ ಬಹುಪಾಲು ತಮಿಳುನಾಡಿನ ಹಾವು ಹಿಡಿಯುವ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ ಬರುತ್ತದೆ, ಅದನ್ನು ಕುದುರೆಗಳಿಗೆ ಚುಚ್ಚಿ ಅವುಗಳ ರಕ್ತದಿಂದ ಮದ್ದು ತೆಗೆಯುತ್ತಾರೆ. ಆದರೆ ಒಂದೇ ಜಾತಿಯ ಹಾವಿನ ವಿಷವೂ ಊರಿಂದೂರಿಗೆ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ದೇಶದ 34 ಕಡೆಗಳ 115 ಕೊಳಕುಮಂಡಲಗಳ ವಿಷವನ್ನು ಪರೀಕ್ಷಿಸಿ, ಆ ಊರಿನ ಉಷ್ಣತೆ ಮತ್ತು ಮಳೆಯಿಂದ ವಿಷದ ಗುಣವನ್ನು ಭಾಗಶಃ ಅಂದಾಜಿಸಬಹುದೆಂದು 2025ರಲ್ಲಿ ಪ್ರಕಟಿಸಿತು. ಮಳೆ ಪುಸ್ತಕಕ್ಕೂ ವಿಷಕ್ಕೂ ಹೀಗೊಂದು ನಂಟು ಇರಬಹುದೆಂದು ಅಜ್ಜ ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ.

ಪಶ್ಚಿಮ ಘಟ್ಟದ ಎಲೆರಾಶಿಯಲ್ಲಿ, ಆ ನಾಲ್ಕರಲ್ಲಿ ಸೇರದ ಇನ್ನೊಂದಿದೆ: ಮೂಗಿನ ತುದಿ ಮೇಲಕ್ಕೆದ್ದ, ಒಣ ಎಲೆಯ ಬಣ್ಣದ, ಒಂದೂವರೆ ಗೇಣಿನ ಗುಳಿಮಂಡಲ. ಅದು ಕಚ್ಚಿದರೆ ಹೆಚ್ಚಿನವರಿಗೆ ನೋವು, ಊತ. ಕೆಲವರಿಗೆ ರಕ್ತಸ್ರಾವ, ಮೂತ್ರಪಿಂಡದ ವೈಫಲ್ಯ. ನಮ್ಮ ವಿಷನಿರೋಧಕ ಇದರ ವಿಷವನ್ನು ತಡೆಯುವುದಿಲ್ಲ. ಇದರಿಂದ ಪ್ರಾಣಕ್ಕೇ ಅಪಾಯವಾದ ಪ್ರಕರಣಗಳನ್ನು ಭಾರತದಲ್ಲಿ ಮೊದಲು ಖಚಿತವಾಗಿ ದಾಖಲಿಸಿದ್ದು ಕೇರಳದಲ್ಲಿ, 2007ರಲ್ಲಿ. ರೋಗಿಗಳ ಜೊತೆ ಬಂದಿದ್ದ ಹಾವುಗಳನ್ನು ಸರಿಯಾಗಿ ಗುರುತಿಸಿದ್ದರಿಂದ. ಅದಕ್ಕೆ ಮೊದಲು ಗರಗಸ ಮಂಡಲವೆಂದೇ ತಪ್ಪಾಗಿ ಬರೆದದ್ದೂ ಇತ್ತು. ಅಂದರೆ ಬಾಟಲಿಗಟ್ಟಲೆ ಮದ್ದು ಕೊಟ್ಟರೂ ಗುಣವಾಗದ್ದು ಮದ್ದಿನ ಸೋಲೆಂದು ದಾಖಲಾಯಿತೇ ಹೊರತು ಬೇರೆ ಹಾವೆಂದು ಅಲ್ಲ. ನಮ್ಮ ಕಾರ್ಮಿಕನಿಗೆ ಕಚ್ಚಿದ್ದು ಇದೇ ಇರಬೇಕೆಂದು ಮೇಸ್ತ್ರಿಯ ಚಿತ್ರ ನೋಡಿದರೆ ನನಗನಿಸುತ್ತದೆ. (ಹಾಗೆಂದು ಯಾರೂ ವಿಷನಿರೋಧಕವನ್ನು ಅನುಮಾನಿಸಿ ಮನೆಯಲ್ಲಿ ಕೂರಬಾರದು. ಉಳಿದ ನಾಲ್ಕಕ್ಕೆ ಅದೇ ಮದ್ದು, ಯಾವ ಹಾವೆಂದು ನಿರ್ಧರಿಸುವುದು ವೈದ್ಯರ ಕೆಲಸ. ಹಾವನ್ನು ಹಿಡಿಯಲೂ ಹೋಗಬಾರದು.)

ಇಂಥ ದಾಖಲೆಗಳಿಂದ ಕಲಿತ ಯಂತ್ರ ಏನು ಹೇಳೀತು? ಗುಳಿಮಂಡಲದ ಕಡಿತ ಇಲ್ಲವೇ ಇಲ್ಲ ಎನ್ನುತ್ತದೆ. ಇಲ್ಲದ ಕಾಯಿಲೆಗೆ ಯಾರು ಮದ್ದು ವಿನ್ಯಾಸಗೊಳಿಸುತ್ತಾರೆ?

ದಾಖಲೆಗೆ ಬಾರದವರು ಯಂತ್ರದ ಕಣ್ಣಿಗೂ ಬೀಳುವುದಿಲ್ಲ. ದೇಶದಲ್ಲಿ ಹಾವು ಕಚ್ಚಿ ಸಾಯುವವರ ಸರ್ಕಾರಿ ಲೆಕ್ಕ ಬಹಳ ಕಡಿಮೆಯಿತ್ತು. ಮನೆ ಮನೆಗೆ ಹೋಗಿ ಸಾವಿನ ಕಾರಣ ಕೇಳಿದ ಸಮೀಕ್ಷೆಯ ಆಧಾರದಲ್ಲಿ 2020ರಲ್ಲಿ ಬಂದ ಅಂದಾಜು, ವರ್ಷಕ್ಕೆ ಸುಮಾರು 58,000. ಹೆಚ್ಚಿನವರು ಸತ್ತದ್ದು ಆಸ್ಪತ್ರೆಯ ಹೊರಗೆ. ಹಾಡಿಯಿಂದ ನೇರ ನಾಟಿ ವೈದ್ಯರ ಬಳಿಗೆ ಹೋದ ಯರವ ಬುಡಕಟ್ಟಿನ ಹೆಂಗಸು ಯಾವ ಕಂಪ್ಯೂಟರಿನಲ್ಲೂ ಇಲ್ಲ. ಅಮೆರಿಕದಲ್ಲೂ ಇದರ ಇನ್ನೊಂದು ರೂಪ 2019ರಲ್ಲಿ ಬಯಲಾಯಿತು: ಯಾರಿಗೆ ಹೆಚ್ಚಿನ ಆರೈಕೆ ಬೇಕೆಂದು ಹೇಳುವ ತಂತ್ರಾಂಶವೊಂದು ಚಿಕಿತ್ಸೆಯ ಖರ್ಚನ್ನೇ ಕಾಯಿಲೆಯ ಅಳತೆಗೋಲು ಮಾಡಿಕೊಂಡಿತ್ತು. ಚಿಕಿತ್ಸೆಗೆ ಕಡಿಮೆ ಖರ್ಚಾಗಿದ್ದ ಕಪ್ಪು ಜನರು ಅದರ ಲೆಕ್ಕದಲ್ಲಿ ಇದ್ದದ್ದಕ್ಕಿಂತ ಆರೋಗ್ಯವಂತರಾಗಿ ಕಂಡರು.

2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿತು. ಸರ್ಕಾರಿ, ಖಾಸಗಿ ಆಸ್ಪತ್ರೆಗಳೆಲ್ಲ ಪ್ರಕರಣವನ್ನು ವರದಿ ಮಾಡಲೇಬೇಕು. ಯಾವ ಹೊಸ ಅಣುವಿಗಿಂತಲೂ ಈ ಆದೇಶ ನನಗೆ ದೊಡ್ಡದಾಗಿ ಕಾಣುತ್ತದೆ. ಆದರೆ ಸಂಖ್ಯೆ ಮಾತ್ರ ಸಾಲದು. ಕಚ್ಚಿದ ಸಮಯ, ತಲುಪಿದ ಸಮಯ, ಹಾವಿನ ಚಿತ್ರ ಇದ್ದರೆ ಅದು, ಕೊಟ್ಟ ಬಾಟಲಿಗಳು, ರಕ್ತ ಹೆಪ್ಪುಗಟ್ಟಲು ಹಿಡಿದ ನಿಮಿಷಗಳು, ಮೂತ್ರದ ಲೆಕ್ಕ ಇವು ಬರಬೇಕು. ನಮ್ಮ ಜಿಲ್ಲೆಯ ರೋಗಿಯ ಕಥೆ ಹೆಚ್ಚಾಗಿ ಮೂರು ಊರುಗಳಲ್ಲಿ ಹರಿದುಹೋಗಿರುತ್ತದೆ: ಮೊದಲ ಪುಟ ತಾಲ್ಲೂಕು ಆಸ್ಪತ್ರೆಯಲ್ಲಿ, ಎರಡನೆಯದು ಮಡಿಕೇರಿಯಲ್ಲಿ, ಕೊನೆಯದು ಮೈಸೂರಿನಲ್ಲೋ ಮಂಗಳೂರಿನಲ್ಲೋ. 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಕೊಡುವ 14 ಅಂಕಿಯ ಆಭಾ ಸಂಖ್ಯೆಗೆ ಈ ಪುಟಗಳನ್ನು ಹೊಲಿಯುವ ಉದ್ದೇಶವಿದೆ.

ಹೊಲಿದ ಪುಸ್ತಕ ಯಾರ ಕೈಗೆ ಎಂಬುದು ಸಣ್ಣ ಪ್ರಶ್ನೆಯಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಮುಖ್ಯವಾಗಿಸಿದೆ, ಸಂಶೋಧನೆಗೆ ಷರತ್ತುಗಳೊಂದಿಗೆ ವಿನಾಯಿತಿಯನ್ನೂ ಕೊಟ್ಟಿದೆ. ಹೆಸರು ತೆಗೆದರೆ ಗುರುತು ಹೋಯಿತು ಎನ್ನುವವರು ಕೊಡಗನ್ನು ನೋಡಿಲ್ಲ. 2011ರ ಜನಗಣತಿಯಲ್ಲಿ ನಮ್ಮ ಜನಸಂಖ್ಯೆ 5.54 ಲಕ್ಷ. ಊರು, ವಯಸ್ಸು, ತಿಂಗಳು, ಹಾವು ಕಡಿತ ಎಂದರೆ ಸಾಕು, ಯಾರೆಂದು ಸಂತೆಯಲ್ಲಿ ಹೇಳುತ್ತಾರೆ. ಇದಕ್ಕೊಂದು ತಾಂತ್ರಿಕ ಉಪಾಯವಿದೆ: ದಾಖಲೆ ಆಸ್ಪತ್ರೆಯಲ್ಲೇ ಇರುತ್ತದೆ, ಯಂತ್ರದ ಮಾದರಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ಕಲಿತದ್ದನ್ನಷ್ಟೇ ಹೊತ್ತು ಬರುತ್ತದೆ. ಫೋನಿನಲ್ಲಿ "ಎಷ್ಟು ಸೆಂಟ್?" ಎಂದು ಕೇಳುವುದೂ ಅದೇ ತಾನೇ, ಪುಸ್ತಕವನ್ನು ಯಾರೂ ಮನೆಯಿಂದ ಒಯ್ಯುವುದಿಲ್ಲ. ಗುಟ್ಟು ಸೋರಲು ಅಲ್ಲೂ ಬಿರುಕುಗಳಿವೆ, ಆದರೆ ಎಲ್ಲವನ್ನೂ ಒಂದೇ ಗೋದಾಮಿನಲ್ಲಿ ಸುರಿಯುವುದಕ್ಕಿಂತ ವಾಸಿ.

ಕಳೆದ ಕೊಯ್ಲಿಗೆ ಮೊದಲು ತೋಟದ ಲೆಕ್ಕ ಬರೆಯುವ ರೈಟರ್ ಮಳೆ ಪುಸ್ತಕದಲ್ಲಿ ಒಂದು ಗೆರೆ ಎಳೆದು ಹೊಸ ಕಾಲಂ ಮಾಡಿದರು. ತಲೆಬರಹ "ಕಡಿತ". ಈವರೆಗೆ ಒಂದೇ ನಮೂದು: "ಮೂರನೇ ಬ್ಲಾಕ್, ಬೆಳಿಗ್ಗೆ 9.20, ಎಡಗಾಲು, ಹಾವು ಕಾಣಲಿಲ್ಲ. ಆಸ್ಪತ್ರೆ 10.05. ಸಂಜೆ ಮನೆಗೆ. ಮಳೆ 0."